ಹನ್ನೆರಡು ದಾಟಿದ ಮಕ್ಕಳಿಗೆ ಬೇಸಿಗೆ ರಜೆಯಲ್ಲಿ ಜಾಗವೆಲ್ಲಿ?

ಮಾನ್ಯ ಸಂಪಾದಕರೇ,

ಚಿತ್ರದುರ್ಗದಲ್ಲಿ ಸಣ್ಣದೊಂದು ಪ್ರೆಸ್ ಇಟ್ಟುಕೊಂಡವನು ನಾನು. ಮಾರ್ಚ್ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಎರಡು ಕೆಲಸ ಒಟ್ಟಿಗೆ ಬರುತ್ತವೆ, ಲಗ್ನಪತ್ರಿಕೆ ಮತ್ತು ಬೇಸಿಗೆ ಶಿಬಿರದ ಕರಪತ್ರ. ಲಗ್ನಪತ್ರಿಕೆಯಲ್ಲಿ ಹೆಸರು ಬದಲಾದರೆ ಮುಗಿಯಿತು, ಮಿಕ್ಕಿದ್ದೆಲ್ಲ ಅದೇ. ಶಿಬಿರದ್ದೂ ಹಾಗೆಯೇ. ಚಿತ್ರಕಲೆ, ಜೇಡಿಮಣ್ಣಿನ ಗೊಂಬೆ, ಮುಖವಾಡ, ಅಬ್ಯಾಕಸ್, ಡ್ಯಾನ್ಸ್. ಕೊನೆಗೊಂದು ಸಾಲು, 'ವಯೋಮಿತಿ 5ರಿಂದ 12'. ಇಪ್ಪತ್ತು ವರ್ಷದಿಂದ ಈ ಸಾಲನ್ನು ಅಚ್ಚು ಹಾಕುತ್ತಿದ್ದೇನೆ, ಒಂದು ದಿನವೂ ಓದಿರಲಿಲ್ಲ. ಹೋದ ವರ್ಷ ಓದಬೇಕಾಯಿತು. ಮಗಳು ಏಳನೆಯ ತರಗತಿ ಮುಗಿಸಿ ಹದಿಮೂರಕ್ಕೆ ಬಿದ್ದಿದ್ದಳು. ಪ್ರೂಫ್ ನೋಡಲು ಕೂತವಳೂ ಅವಳೇ. ಕಾಗುಣಿತದ ಎರಡು ತಪ್ಪು ಹಿಡಿದುಕೊಟ್ಟು, "ಅಪ್ಪಾ, ಇನ್ನೊಂದು ತಪ್ಪಿದೆ, ಇದರಲ್ಲಿ ನಾನೇ ಇಲ್ಲ" ಅಂದಳು.

ಶಿಬಿರದವರು ಕರಪತ್ರ ಒಯ್ಯಲು ಬಂದಾಗ ಕೇಳಿದೆ. "ಆ ವಯಸ್ಸಿನವರು ಕಷ್ಟ ಸಾರ್. ಸಣ್ಣವರ ಜೊತೆ ಕೂರಿಸಿದರೆ ಮುಖ ಊದಿಸ್ಕೊಂಡು ಕೂರ್ತಾರೆ, ಅವರಷ್ಟಕ್ಕೆ ಬಿಟ್ಟರೆ ಕೈಗೇ ಸಿಗಲ್ಲ" ಎಂದರು. ಸುಳ್ಳೇನಲ್ಲ, ಮನೆಯಲ್ಲಿ ನಾನೂ ನೋಡುತ್ತಿದ್ದೇನೆ. ಇನ್ನೊಂದು ಕಡೆ ಎಂಟನೆಯ ತರಗತಿಯಿಂದಲೇ 'ಫೌಂಡೇಶನ್' ಅಂತ ಟ್ಯೂಷನ್‌ನವರು ಕರೆಯುತ್ತಾರೆ (ಆ ಕರಪತ್ರವೂ ನಮ್ಮದೇ ಪ್ರೆಸ್ಸಿನದು, ಒಪ್ಪಿಕೊಳ್ಳುತ್ತೇನೆ). ಈ ಎರಡರ ನಡುವೆ ಆರು, ಏಳು, ಎಂಟನೆಯ ತರಗತಿಯ ಮಕ್ಕಳಿಗೆ ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ ಗತಿ ಮೊಬೈಲು. ಅದು ಕಿತ್ತುಕೊಂಡರೆ ಹುಡುಗರಿಗೆ ಬೀದಿ, ಹುಡುಗಿಯರಿಗೆ ಪಾತ್ರೆ ತೊಳೆಯುವುದು.

ನನಗೆ ತೋಚಿದ್ದನ್ನು ಮಾಡಿದೆ. ಮಗಳನ್ನೂ ಅವಳ ಮೂವರು ಗೆಳತಿಯರನ್ನೂ, ಪಕ್ಕದ ಮನೆಯ ಹುಡುಗನನ್ನೂ ಬೆಳಗಿನ ಹೊತ್ತು ಪ್ರೆಸ್ಸಿಗೆ ಕರೆದೆ. ಹಳೆಯ ಟ್ರೆಡಲ್ ಅಚ್ಚುಯಂತ್ರ ಮಾರಿ ವರ್ಷಗಳಾದವು, ಆದರೆ ಅಚ್ಚುಮೊಳೆಯ (ಒಂದೊಂದು ಅಕ್ಷರದ ಸೀಸದ ಅಚ್ಚು) ಒಂದು ಪೆಟ್ಟಿಗೆ ಉಳಿಸಿಕೊಂಡಿದ್ದೆ. ಅದರಲ್ಲಿ ತಮ್ಮ ಹೆಸರು ಜೋಡಿಸಿ ಎಂದೆ. ಅಕ್ಷರ ಉಲ್ಟಾ, ಒತ್ತಿಗೆ ಬೇರೆ ಮೊಳೆ; ಅರ್ಧ ಗಂಟೆಯಲ್ಲಿ ಮುಗಿಯುತ್ತದೆ ಅಂದುಕೊಂಡದ್ದು ಎರಡು ದಿನ ತಿಂದಿತು. ಆಮೇಲೆ ಲಗ್ನಪತ್ರಿಕೆ ಕತ್ತರಿಸಿ ಉಳಿದ ತುಂಡು ಕಾಗದದಲ್ಲಿ ಕೈಯಗಲದ ಪುಸ್ತಕ ಹೊಲಿದರು. ಕಟಿಂಗ್ ಮೆಷಿನ್ ಹತ್ತಿರ ಒಬ್ಬರನ್ನೂ ಬಿಡಲಿಲ್ಲ. ಆದರೂ ಎದುರಿನ ಅಂಗಡಿಯವರು "ಏನಪ್ಪಾ, ಮಕ್ಕಳನ್ನ ಕೂಲಿಗೆ ಇಟ್ಕೊಂಡ್ಯಾ?" ಎಂದು ಕೇಳದೆ ಬಿಡಲಿಲ್ಲ.

ಹೊಲಿದ ಪುಸ್ತಕದಲ್ಲಿ ಬರೆಯಲು ಏನಾದರೂ ಬೇಕಲ್ಲ. ಒಂದು ಭಾನುವಾರ ಬಿಸಿಲೇರುವ ಮುಂಚೆ ಐದೂ ಜನರನ್ನು ಕೋಟೆಗೆ ಹತ್ತಿಸಿದೆ. ಹದಿನೈದರೊಳಗಿನವರಿಗೆ ಪ್ರವೇಶ ಪುಕ್ಕಟೆ, ಟಿಕೆಟ್ ಬೇಕಾದದ್ದು ನನಗೊಬ್ಬನಿಗೆ. ದುರ್ಗದ ಮಕ್ಕಳು ಕೋಟೆ ನೋಡಿಲ್ಲದವರಲ್ಲ. ಓಬವ್ವನ ಕಿಂಡಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬಂದವರೇ ಎಲ್ಲ. ಹಾಗಾಗಿ ಈ ಸಲ ಕಿಂಡಿ ಬೇಡ, ನೀರಿನ ದಾರಿ ಮಾತ್ರ ನೋಡೋಣ ಎಂದೆ. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಸಿಹಿನೀರು ಹೊಂಡ, ಕಡೆಗೆ ಊರೊಳಗಿನ ಸಂತೆಹೊಂಡ. ಪಂಪಿಲ್ಲ, ಕರೆಂಟಿಲ್ಲ, ಇಳಿಜಾರು ಅಷ್ಟೇ. ಏಪ್ರಿಲ್‌ನಲ್ಲಿ ನೀರು ತಳ ಕಂಡಿತ್ತು, ಆದ್ದರಿಂದ ಕಲ್ಲಿನ ಕಟ್ಟೆಗಳು ಚೆನ್ನಾಗಿ ಕಂಡವು. ಪಕ್ಕದ ಮನೆಯ ಹುಡುಗ ಕೆಳಗಿಳಿದು ಬಂದ ಮೇಲೆ ಸಂತೆಹೊಂಡದ ಕಂಬಿ ಹಿಡಿದು ನಿಂತು, "ಹಂಗಾದ್ರೆ ಅಂಕಲ್, ನಾವು ಕವರ್ ಎಸೆಯೋದು ಕೋಟೆ ನೀರಿಗಾ?" ಎಂದ. ನಾನು ಏನೂ ಹೇಳಿಕೊಟ್ಟಿರಲಿಲ್ಲ.

ಮುಂದಿನ ವಾರ ಚಂದ್ರವಳ್ಳಿ. ಅಲ್ಲಿನ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ, ಪ್ರಾಕೃತದಲ್ಲಿ. ಅದೂ ಕೆರೆಯ ವಿಷಯವೇ. ಮೊಳೆ ಜೋಡಿಸಿ ಬಂದ ಮಕ್ಕಳಲ್ಲವೇ, ಓದಲು ಬಾರದಿದ್ದರೂ ಒಂದೇ ಅಕ್ಷರ ಎಷ್ಟು ಸಲ ಬಂದಿದೆ ಎಂದು ಎಣಿಸಲು ನಿಂತರು. ಮೇ ಮುಗಿಯುವಷ್ಟರಲ್ಲಿ ನೀರಿನ ದಾರಿಯ ನಕ್ಷೆ ಬರೆದರು, ನಾಲ್ಕು ಪುಟ ಮಾಡಿ ಐವತ್ತು ಪ್ರತಿ ಹಾಕಿಕೊಟ್ಟೆ.

ಆದರೆ ಎಲ್ಲರಿಗೂ ಪ್ರೆಸ್ಸೂ ಇಲ್ಲ, ಕೋಟೆಯೂ ಇಲ್ಲ. ನನ್ನ ತಂಗಿಯ ಊರು ಚಳ್ಳಕೆರೆ ಕಡೆ ಒಂದು ಹಳ್ಳಿ. ಅವಳ ಮಗನಿಗೂ ಹದಿಮೂರು. ಹೋದ ಮೇ ತಿಂಗಳಲ್ಲಿ ಮಟಮಟ ಮಧ್ಯಾಹ್ನ ಇಬ್ಬರು ಹುಡುಗರ ಜೊತೆ ಕೃಷಿ ಹೊಂಡಕ್ಕೆ ಇಳಿದ. ಹೊಂಡಕ್ಕೆ ನೀರು ಇಂಗದಂತೆ ಪಾಲಿಥೀನ್ ಹಾಸಿರುತ್ತಾರೆ, ಪಾಚಿ ಕಟ್ಟಿದ ಮೇಲೆ ಅದು ಸಾಬೂನಿಗಿಂತ ಜಾರು. ಇಳಿದವನಿಗೆ ಹತ್ತಲು ಹಿಡಿತವೇ ಇಲ್ಲ. ಪಕ್ಕದ ಹೊಲದ ಹೆಂಗಸು ಕೂಗು ಕೇಳಿ ಓಡಿ ಬಂದು ಡ್ರಿಪ್ ಪೈಪು ಎಸೆದದ್ದಕ್ಕೆ ಉಳಿದ. ಉಳಿಯದ ಮಕ್ಕಳ ಸುದ್ದಿಯನ್ನು ಪ್ರತಿ ಬೇಸಿಗೆಯಲ್ಲೂ ನಿಮ್ಮ ಪತ್ರಿಕೆಯಲ್ಲೇ ಓದುತ್ತೇವೆ.

ನಾವು ಚಿಕ್ಕವರಿದ್ದಾಗ ಸೋದರಮಾವ ಬೆನ್ನಿಗೆ ಸೋರೆಬುರುಡೆ ಕಟ್ಟಿ ಮೆಟ್ಟಿಲು ಬಾವಿಗೆ ನೂಕುತ್ತಿದ್ದರು. ಕಲಿಯದೆ ಮೇಲೆ ಬರುವ ಹಾಗಿರಲಿಲ್ಲ. ಆ ಬಾವಿಗಳು ಬತ್ತಿದವು, ಕಲಿಸುವ ಮಾವಂದಿರು ಬೆಂಗಳೂರಿಗೆ ಹೋದರು, ಮೆಟ್ಟಿಲೇ ಇಲ್ಲದ ಹೊಂಡಗಳು ಬಂದವು. ಈಗ ಹೊಂಡದ ಹತ್ತಿರ ಹೋಗಬೇಡಿ ಎನ್ನುವುದೊಂದೇ ಪಾಠ. ಹದಿಮೂರರ ಹುಡುಗನಿಗೆ ಹೋಗಬೇಡ ಎಂದರೆ ಹೋಗು ಎಂದ ಹಾಗೆ. ಜಿಲ್ಲಾ ಕೇಂದ್ರಗಳ ಈಜುಕೊಳಗಳಲ್ಲಿ ರಜೆಯ ಒಂದು ತಿಂಗಳಾದರೂ ಬೆಳಗಿನ ಒಂದು ಪಾಳಿಯನ್ನು ಈ ವಯಸ್ಸಿನವರಿಗೆ, ಹುಡುಗಿಯರಿಗೆ ಬೇರೆಯಾಗಿ, ಕಲಿಸುವವರ ಸಮೇತ ಮೀಸಲಿಡಬಾರದೇ? ಹೊಂಡಕ್ಕೆ ಬೇಲಿ ಹಾಕಿ, ಒಂದು ಹಗ್ಗ ಇಳಿಬಿಡುವುದಂತೂ ನಾಳೆಯೇ ಆಗುವ ಕೆಲಸ.

ಶಾಲೆಗಳನ್ನು ರಜೆಯಲ್ಲಿ ತೆರೆಯುವುದು ನಮಗೆ ಹೊಸದಲ್ಲ. 2017ರ ಬೇಸಿಗೆಯಲ್ಲಿ ಬರದ ತಾಲ್ಲೂಕುಗಳ ಸರ್ಕಾರಿ ಶಾಲೆಗಳಲ್ಲಿ 'ಬೇಸಿಗೆ ಸಂಭ್ರಮ' ಎಂದು ಬಿಸಿಯೂಟದ ಜೊತೆಗೆ ಚಟುವಟಿಕೆಗಳನ್ನೂ ನಡೆಸಿದ್ದರು. 2023ರಲ್ಲಿ 223 ತಾಲ್ಲೂಕು ಬರವೆಂದು ಘೋಷಣೆಯಾದಾಗಲೂ 2024ರ ಬೇಸಿಗೆ ರಜೆಯಲ್ಲಿ ಊಟ ಬಡಿಸಿದರು. ಮಳೆ ಚೆನ್ನಾಗಿ ಬಂದ ವರ್ಷ ಮಕ್ಕಳಿಗೆ ಬೇಸರವಾಗುವುದಿಲ್ಲವೇನೋ! ಮೇಷ್ಟ್ರುಗಳ ರಜೆ ಕಿತ್ತುಕೊಳ್ಳಿ ಎನ್ನುತ್ತಿಲ್ಲ. ಮೈದಾನದ ಗೇಟಿನ ಬೀಗ ತೆಗೆದು, ಊರಿನ ಪದವೀಧರ ಹುಡುಗ ಹುಡುಗಿಯರಿಗೆ ಗೌರವಧನ ಕೊಟ್ಟು ನೋಡಿಕೊಳ್ಳಲು ಹೇಳಿದರೆ ಸಾಕು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ 2020ರಲ್ಲಿ 'ಓದುವ ಬೆಳಕು' ಕಾರ್ಯಕ್ರಮ ಶುರುವಾದ ಮೇಲೆ 6ರಿಂದ 18ರವರೆಗಿನವರಿಗೆ ಸದಸ್ಯತ್ವ ಉಚಿತ. ನನ್ನ ಅಳಿಯನ ಹತ್ತಿರವೂ ಕಾರ್ಡಿದೆ. ಆದರೆ ಅವನು ಹೊಂಡಕ್ಕೆ ಇಳಿದ ಹೊತ್ತಿನಲ್ಲಿ ಆ ಊರಿನ ಗ್ರಂಥಾಲಯಕ್ಕೆ ಬಾಗಿಲು ಹಾಕಿತ್ತು. ಬೇಸಿಗೆಯಲ್ಲಿ ಹನ್ನೆರಡರಿಂದ ನಾಲ್ಕರವರೆಗೆ ತೆರೆದಿಡಿ, ಒಂದು ಫ್ಯಾನು, ಒಂದು ಕೊಡ ನೀರು, ಎರಡು ಕೇರಂ ಬೋರ್ಡು ಇಡಿ.

ದುರ್ಗದಲ್ಲಿ ಯಾರಾದರೂ ಹನ್ನೆರಡರಿಂದ ಹದಿನೈದರ ಮಕ್ಕಳಿಗೆ ಶಿಬಿರ ಮಾಡುವುದಾದರೆ ಕರಪತ್ರ ನಾನು ಪುಕ್ಕಟೆ ಹಾಕಿಕೊಡುತ್ತೇನೆ. ಸಾವಿರ ಪ್ರತಿಯವರೆಗೆ ಕಾಗದದ ದುಡ್ಡೂ ಬೇಡ. ಮ್ಯಾಟರ್ ಮಾತ್ರ ಏಪ್ರಿಲ್ 5ರೊಳಗೆ ಕೊಡಿ, ಆಮೇಲೆ ಲಗ್ನಪತ್ರಿಕೆಯವರು ಬಿಡುವುದಿಲ್ಲ. ಪ್ರೂಫ್ ಮಗಳು ನೋಡುತ್ತಾಳೆ.

ಒಬ್ಬ ಪ್ರೆಸ್ಸಿನವ, ಚಿತ್ರದುರ್ಗ