ಇಯಾನ್ ಕರ್ಟಿಸ್ ಅವರಿಗೆ ಇದ್ದದ್ದು ಅಪಸ್ಮಾರ

ಮಾನ್ಯ ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಇಂಗ್ಲೆಂಡಿನ ರಾಕ್ ಗಾಯಕ ಇಯಾನ್ ಕರ್ಟಿಸ್ ಅವರ ಕುರಿತು ಪ್ರಕಟವಾದ ಬರಹವನ್ನು ಎರಡು ಸಲ ಓದಿದೆ. ಕಾಸರಗೋಡಿನ ಒಳನಾಡಿನಲ್ಲಿದ್ದು, ಬೆಳಗಿನ ಬಸ್ಸಿನಲ್ಲಿ ಬರುವ ಕನ್ನಡ ಪತ್ರಿಕೆಗಾಗಿ ಕಾಯುವ ನಮ್ಮಂಥವರಿಗೆ ಇಂಥ ವಿಷಯ ಕನ್ನಡದಲ್ಲೇ ಓದಲು ಸಿಗುವುದು ಅಪರೂಪ. ಅದಕ್ಕಾಗಿ ಲೇಖಕರಿಗೂ ನಿಮಗೂ ಕೃತಜ್ಞತೆಗಳು. ಆದರೆ ಆ ಬರಹ ಅವರನ್ನು ಕತ್ತಲೆಯ ಗಾಯಕನೆಂದು ಕರೆದು, ವೇದಿಕೆಯಲ್ಲಿ ಕೈಕಾಲು ಬಿಗಿಹಿಡಿದು ಕುಣಿಯುತ್ತಿದ್ದುದನ್ನು ಆವೇಶವೆಂದು ಬಣ್ಣಿಸಿ, 23ನೆಯ ವಯಸ್ಸಿನಲ್ಲಿ ಬಂದ ಸಾವನ್ನು ಆ ಹಾಡುಗಳಿಗೆ ತಕ್ಕ ಮುಕ್ತಾಯವೆಂಬಂತೆ ಚಿತ್ರಿಸಿದೆ. ಅಪಸ್ಮಾರ, ಅಂದರೆ ಮೂರ್ಛೆರೋಗ, ಎಂಬ ಪದ ಇಡೀ ಬರಹದಲ್ಲಿ ಬಂದಿರುವುದು ಒಂದೇ ಕಡೆ, ಅದೂ ಆವರಣ ಚಿಹ್ನೆಯ ಒಳಗೆ. ಆ ಪದವನ್ನು ಆವರಣದಿಂದ ಹೊರಗೆ ತರಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ನಾನು ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ಭೌತವಿಜ್ಞಾನ ಕಲಿಸಿ ನಿವೃತ್ತನಾದವನು. ಈ ಗಾಯಕರ ಪರಿಚಯ ನನಗಾದದ್ದು ಹಾಡಿನಿಂದಲ್ಲ, ಒಂದು ಟೀ ಶರ್ಟಿನಿಂದ. ವಾರ್ಷಿಕೋತ್ಸವದ ತಯಾರಿಯ ದಿನ ಹತ್ತನೆಯ ತರಗತಿಯ ಹುಡುಗನೊಬ್ಬ ಕಪ್ಪು ಟೀ ಶರ್ಟ್ ತೊಟ್ಟು ಬಂದಿದ್ದ. ಎದೆಯ ಮೇಲೆ ಒಂದರ ಕೆಳಗೊಂದು ಬಿಳಿ ಗೆರೆಗಳು, ಅಂಚಿನಲ್ಲಿ ಸಮತಟ್ಟಾಗಿ, ನಡುವಿನಲ್ಲಿ ನಮ್ಮೂರಿನ ಗುಡ್ಡಗಳ ಸಾಲಿನಂತೆ ಏರಿಳಿಯುತ್ತಿದ್ದವು. ಅದೇನೆಂದು ಕೇಳಿದಾಗ, ಚೆನ್ನಾಗಿ ಕಂಡಿತು, ಕಾಸರಗೋಡು ಪೇಟೆಯಿಂದ ತಂದೆ ಸಾರ್, ಎಂದ. ಆ ಗೆರೆಗಳು ನನಗೆ ಗೊತ್ತಿದ್ದವು. 1967ರಲ್ಲಿ ಕೇಂಬ್ರಿಜ್‌ನಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ಜೋಸ್ಲಿನ್ ಬೆಲ್ ಅವರು ಮೊತ್ತಮೊದಲು ಗುರುತಿಸಿದ ಪಲ್ಸಾರ್‌ನ ರೇಡಿಯೋ ಸ್ಪಂದನಗಳ ನಕ್ಷೆ ಅದು, ಸುಮಾರು 1.34 ಸೆಕೆಂಡಿಗೊಮ್ಮೆ ತಪ್ಪದೆ ಮಿಡಿಯುವ ನಕ್ಷತ್ರ. ಕರಿಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿದೆ. ಅದು ಹುಡುಗನ ಎದೆಗೆ ಬಂದದ್ದು ಹೇಗೆಂದು ಹುಡುಕುತ್ತಾ ಹೋದಾಗ, ಜಾಯ್ ಡಿವಿಷನ್ ಎಂಬ ತಂಡ 1979ರ ಜೂನ್‌ನಲ್ಲಿ ಹೊರತಂದ ‘ಅನ್‌ನೋನ್ ಪ್ಲೆಷರ್ಸ್’ ಎಂಬ ಧ್ವನಿಮುದ್ರಿಕೆಯ ಹೊದಿಕೆಗೆ ಪೀಟರ್ ಸಾವಿಲ್ ಎಂಬ ವಿನ್ಯಾಸಕಾರರು ಅದನ್ನು ಬಳಸಿಕೊಂಡಿದ್ದರೆಂದು ತಿಳಿಯಿತು. ಆ ತಂಡದ ಗಾಯಕರೇ ಇಯಾನ್ ಕರ್ಟಿಸ್.

ಅವರು ಹುಟ್ಟಿದ್ದು 1956ರ ಜುಲೈ 15ರಂದು. ಬೆಳೆದದ್ದು ಮ್ಯಾಂಚೆಸ್ಟರ್ ಸಮೀಪದ ಮ್ಯಾಕಲ್ಸ್‌ಫೀಲ್ಡ್ ಎಂಬ ಪಟ್ಟಣದಲ್ಲಿ. ಓದಿನಲ್ಲಿ ಚುರುಕು, ಕವಿತೆಯ ಗೀಳು. ಹತ್ತೊಂಬತ್ತು ತುಂಬಿ ತಿಂಗಳೊಪ್ಪತ್ತಿನಲ್ಲೇ ಡೆಬೋರಾ ಅವರೊಂದಿಗೆ ಮದುವೆಯಾಯಿತು. ಬರ್ನಾರ್ಡ್ ಸಮ್ನರ್, ಪೀಟರ್ ಹುಕ್, ಸ್ಟೀಫನ್ ಮಾರಿಸ್ ಅವರೊಂದಿಗೆ ಕಟ್ಟಿದ ತಂಡಕ್ಕೆ ಮೊದಲು ವಾರ್ಸಾ ಎಂದು ಹೆಸರಿತ್ತು, 1978ರ ಆರಂಭದಲ್ಲಿ ಅದು ಜಾಯ್ ಡಿವಿಷನ್ ಆಯಿತು. ಅವರ ದನಿ ಮಂದ್ರದ್ದು, ಅರಚಾಟವಿಲ್ಲದ್ದು. ಧ್ವನಿಮುದ್ರಣದ ಹೊಣೆ ಹೊತ್ತ ಮಾರ್ಟಿನ್ ಹ್ಯಾನೆಟ್ ಅವರು ಡ್ರಮ್ಮಿನ ಪೆಟ್ಟುಗಳ ಸುತ್ತ ಎಷ್ಟು ಖಾಲಿ ಜಾಗ ಬಿಟ್ಟಿದ್ದರೆಂದರೆ, ಕೇಳುವಾಗ ಯಾರೂ ಇಲ್ಲದ ದೊಡ್ಡ ಗೋದಾಮಿನಲ್ಲಿ ಒಬ್ಬನೇ ಮಾತನಾಡುತ್ತಿರುವಂತೆ ತೋರುತ್ತದೆ. ಮಳೆಗಾಲದ ಒಂದು ರಾತ್ರಿ ಕರೆಂಟು ಹೋದ ಮನೆಯಲ್ಲಿ ಮೊಬೈಲಿನಲ್ಲಿ ಅದನ್ನು ಕೇಳಿದ ನಾನು, ಆ ಸಂಗೀತದ ಶಕ್ತಿಯನ್ನು ಖಂಡಿತ ಅಲ್ಲಗಳೆಯಲಾರೆ.

ನಿಮ್ಮ ಬರಹ ಪೂರ್ತಿಯಾಗಿ ಕೈಬಿಟ್ಟಿರುವುದು ಅವರ ಹೊಟ್ಟೆಪಾಡಿನ ಕೆಲಸವನ್ನು. ಕರ್ಟಿಸ್ ಸರಕಾರಿ ನೌಕರರಾಗಿದ್ದರು. ಮ್ಯಾಕಲ್ಸ್‌ಫೀಲ್ಡ್‌ನ ಉದ್ಯೋಗ ವಿನಿಮಯ ಕಚೇರಿಯಲ್ಲಿ, ಅಂಗವಿಕಲರಿಗೆ ಉದ್ಯೋಗ ಹುಡುಕಿಕೊಡುವ ವಿಭಾಗದ ಸಹಾಯಕ ಅಧಿಕಾರಿಯ ಹುದ್ದೆ ಅವರದು. ಕೆಲಸ ಕೇಳಿಕೊಂಡು ಆ ಕಚೇರಿಗೆ ಬರುತ್ತಿದ್ದ ಯುವತಿಯೊಬ್ಬಳಿಗೆ ಅಪಸ್ಮಾರವಿತ್ತು. ಕೆಲವು ಕಾಲದ ನಂತರ ಆಕೆ ಬರುವುದು ನಿಂತಿತು. ಬೇರೆ ಕೆಲಸ ಸಿಕ್ಕಿರಬೇಕೆಂದು ಇವರು ಭಾವಿಸಿದ್ದರು, ಆಮೇಲೆ ಆಕೆ ಅಪಸ್ಮಾರದ ಸೆಳವಿನಲ್ಲೇ ತೀರಿಕೊಂಡ ಸುದ್ದಿ ತಿಳಿಯಿತು. ‘ಶೀಸ್ ಲಾಸ್ಟ್ ಕಂಟ್ರೋಲ್’ ಎಂಬ ಹಾಡು ಹುಟ್ಟಿದ್ದು ಆಕೆಯಿಂದ. ಕತ್ತಲೆಯ ಹಾಡೆಂದು ಎಲ್ಲರೂ ಎತ್ತಿ ಹೇಳುವ ಆ ಹಾಡು, ಕಚೇರಿಯ ಮೇಜಿನ ಈಚೆ ಕುಳಿತವನೊಬ್ಬ ಆಚೆ ಕುಳಿತವಳನ್ನು ಮರೆಯಲಾಗದೆ ಬರೆದದ್ದು. ಅದು ಧ್ವನಿಮುದ್ರಿಕೆಯಲ್ಲಿ ಹೊರಬರುವ ಹೊತ್ತಿಗೆ ಬರೆದವರೂ ಅದೇ ರೋಗದ ರೋಗಿಯಾಗಿದ್ದರು.

1978ರ ಡಿಸೆಂಬರ್ ಕೊನೆಯಲ್ಲಿ ಲಂಡನ್ನಿನ ಕಾರ್ಯಕ್ರಮ ಮುಗಿಸಿ ಕಾರಿನಲ್ಲಿ ಊರಿಗೆ ಮರಳುವಾಗ ಅವರಿಗೆ ದೊಡ್ಡ ಸೆಳವು ಬಂತು; ಮರುತಿಂಗಳು ವೈದ್ಯರು ಅಪಸ್ಮಾರವೆಂದರು. ಏಪ್ರಿಲ್‌ನಲ್ಲಿ ಮಗಳು ಹುಟ್ಟಿದಳು. ಎತ್ತಿಕೊಂಡಾಗ ಸೆಳವು ಬಂದರೆ ಮಗುವಿಗೆ ಏನಾದೀತೋ ಎಂಬ ಭಯದಿಂದ ಅವರು ಮಗುವನ್ನು ಎತ್ತಿಕೊಳ್ಳಲೂ ಹಿಂಜರಿಯುತ್ತಿದ್ದರು. ತಂಡಕ್ಕೆ ಹೆಸರು ಬಂದಂತೆ ರಾತ್ರಿಯ ಪ್ರಯಾಣ, ನಿದ್ರೆಗೇಡು, ಕಣ್ಣು ಕುಕ್ಕುವ ಮಿಣುಕು ದೀಪಗಳು, ಹೀಗೆ ಈ ರೋಗಕ್ಕೆ ಆಗದ್ದೆಲ್ಲವೂ ದಿನಚರಿಯಾದವು. 1980ರ ಏಪ್ರಿಲ್ 4ರಂದು ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ ಹಾಡುತ್ತಿದ್ದಾಗ ಸ್ಟ್ರೋಬ್ ದೀಪಗಳು ಬೆಳಗಿ ಅವರು ಸೆಳವು ಬಂದು ಡ್ರಮ್ಮುಗಳ ಮೇಲೆ ಕುಸಿದರು. ಅದೇ ರಾತ್ರಿ ಅದೇ ನಗರದ ಇನ್ನೊಂದು ಕ್ಲಬ್ಬಿನಲ್ಲಿ ಮತ್ತೆ ಹಾಡಿಸಲಾಯಿತು, ಅಲ್ಲಿಯೂ ಸೆಳವು ಬಂತು. ಆ ಕುಣಿತದ ಶೈಲಿ ಅವರೇ ರೂಢಿಸಿಕೊಂಡದ್ದು ನಿಜ. ಆದರೆ ಕುಣಿತ ಎಲ್ಲಿ ಮುಗಿದು ಸೆಳವು ಎಲ್ಲಿ ಆರಂಭವಾಯಿತೆಂದು ಸಭಿಕರಿಗೆ ಗೊತ್ತಾಗುತ್ತಿರಲಿಲ್ಲ, ಕೆಲವೊಮ್ಮೆ ಜೊತೆಗಾರರಿಗೂ ಗೊತ್ತಾಗುತ್ತಿರಲಿಲ್ಲ. ನೆಲಕ್ಕುರುಳುವವರೆಗೂ ಚಪ್ಪಾಳೆ ಬೀಳುತ್ತಿತ್ತು.

ಸಂಪಾದಕರೇ, ಈ ಸಾಲುಗಳನ್ನು ಬರೆಯುವಾಗ ನನ್ನ ಕಣ್ಣ ಮುಂದೆ ಇರುವವನು ನನ್ನ ತಮ್ಮ. 1974ರಲ್ಲಿ ಅವನು ಏಳನೆಯ ತರಗತಿಯಲ್ಲಿದ್ದಾಗ ಬೆಳಗಿನ ಪ್ರಾರ್ಥನೆಯ ಸಾಲಿನಲ್ಲೇ ಬಿದ್ದ. ನಾಲ್ಕು ಮಂದಿ ಕೈಕಾಲು ಅದುಮಿ ಹಿಡಿದರು. ಯಾರೋ ಓಡಿಹೋಗಿ ಕಚೇರಿಯ ಬೀಗದಕೈ ಗೊಂಚಲು ತಂದು, ಕಬ್ಬಿಣ ಹಿಡಿದರೆ ಬಿಟ್ಟುಹೋಗುತ್ತದೆಂದು ಅವನ ಮುಷ್ಟಿಯೊಳಗೆ ತುರುಕಿದರು. ಸಂಜೆ ಅಮ್ಮ ಎಣ್ಣೆ ಹಚ್ಚಲು ಅವನ ಕೈ ಬಿಡಿಸಿದಾಗ ಅಂಗೈಯಲ್ಲಿ ಬೀಗದಕೈಯ ಹಲ್ಲುಗಳ ಗುರುತು ಒಂದೊಂದೂ ಕೆಂಪಗೆ ಮೂಡಿತ್ತು. ಮರುವಾರ ಶಾಲೆಯವರು ಅಪ್ಪನನ್ನು ಕರೆಸಿ, ಉಳಿದ ಮಕ್ಕಳು ಹೆದರುತ್ತಾರೆ, ಸದ್ಯಕ್ಕೆ ಕಳುಹಿಸುವುದು ಬೇಡವೆಂದರು. ಆ ಸದ್ಯ ಎಂದಿಗೂ ಮುಗಿಯಲಿಲ್ಲ. ಜೋಯಿಸರಲ್ಲಿ ಪ್ರಶ್ನೆ ಇರಿಸಿದ್ದಾಯಿತು, ನೂಲು ಕಟ್ಟಿಸಿದ್ದಾಯಿತು, ದೈವಕ್ಕೆ ಹರಕೆ ಹೇಳಿದ್ದಾಯಿತು. ಮಂಗಳೂರಿನ ವೈದ್ಯರೊಬ್ಬರ ಬಳಿಗೆ ಹೋಗುವಷ್ಟರಲ್ಲಿ ಒಂದೂವರೆ ವರ್ಷ ಕಳೆದಿತ್ತು.

ನಮ್ಮ ನಾಡಿನ ಭೂತಾರಾಧನೆಯ ಬಗ್ಗೆ ನನಗೆ ಗೌರವವಿದೆ, ಆದ್ದರಿಂದಲೇ ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತೇನೆ. ದೈವದ ದರ್ಶನಕ್ಕೆ ಕಾಲಿಗೆ ಕಟ್ಟುವ ಗಗ್ಗರವಿದೆ, ಹಾಡಿ ಹೇಳುವ ಪಾಡ್ದನವಿದೆ, ಹೊತ್ತುಗೊತ್ತಿದೆ, ಆವೇಶ ಇಳಿದ ಮೇಲೆ ನೀರು ಕೊಡುವವರಿದ್ದಾರೆ. ಸೆಳವಿಗೆ ಇದಾವುದೂ ಇಲ್ಲ. ಅದು ಮೆದುಳಿನ ನರಕೋಶಗಳಲ್ಲಿ ವಿದ್ಯುತ್ ಸಂಕೇತಗಳು ಒಮ್ಮೆಲೇ ಅಂಕೆ ಮೀರುವುದರಿಂದ ಆಗುವ ಘಟನೆ. ನಾವು ಇಲ್ಲಿ ಅದನ್ನು ಗಾಳಿ ಸೋಂಕೆಂದು ಕರೆದೆವು, ಅಲ್ಲಿ ಅದನ್ನು ಕಲೆಯೆಂದು ಕರೆದರು. ಎರಡು ಕಡೆಯೂ ಕಾಣದೆ ಹೋದದ್ದು ನೆಲದ ಮೇಲೆ ಬಿದ್ದಿದ್ದ ಮನುಷ್ಯ.

ಔಷಧಿಯ ವಿಷಯವನ್ನಂತೂ ನಿಮ್ಮ ಬರಹ ಎತ್ತಿಕೊಂಡೇ ಇಲ್ಲ. ಅಂದಿನ ಅಪಸ್ಮಾರದ ಮದ್ದುಗಳಲ್ಲಿ ಫಿನೋಬಾರ್ಬಿಟೋನ್ ಮುಖ್ಯವಾದದ್ದು, ನಮ್ಮ ಕಡೆ ಗಾರ್ಡಿನಾಲ್ ಎಂದು ಎಲ್ಲರೂ ಹೇಳುತ್ತಿದ್ದ ಮಾತ್ರೆ. ನನ್ನ ತಮ್ಮ ನುಂಗಿದ್ದು ಅದನ್ನೇ, ಕರ್ಟಿಸ್ ಅವರಿಗೆ ಬೇರೆ ಮದ್ದುಗಳೊಂದಿಗೆ ಕೊಟ್ಟದ್ದರಲ್ಲಿಯೂ ಅದಿತ್ತು. ಅದು ಸೆಳವನ್ನು ತಡೆಯುತ್ತದೆ, ಆದರೆ ಕೆಲವರಲ್ಲಿ ಮಂಪರು, ಸಿಡುಕು, ಖಿನ್ನತೆ ಉಂಟುಮಾಡುತ್ತದೆಂಬುದು ಇಂದು ವೈದ್ಯರೆಲ್ಲರೂ ಬಲ್ಲ ಸಂಗತಿ. ನಗುನಗುತ್ತಿದ್ದ ನನ್ನ ತಮ್ಮ ಆ ದಿನಗಳಲ್ಲಿ ಜಗಲಿಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿರುತ್ತಿದ್ದ, ಊಟಕ್ಕೆ ಕರೆದರೆ ತಟ್ಟೆ ಎಸೆಯುತ್ತಿದ್ದ. ಅದು ಅವನ ಗುಣವೆಂದು ನಾವು ಗದರಿಸಿದೆವು, ಮದ್ದಿನ ಪರಿಣಾಮವಿರಬಹುದೆಂದು ನಮಗೆ ಹೇಳಿದವರಿಲ್ಲ. ಮುಂದೆ ಇನ್ನೊಬ್ಬ ವೈದ್ಯರು ಮೆದುಳಿನ ವಿದ್ಯುತ್ ಸಂಕೇತಗಳನ್ನು ಗೆರೆಗಳಾಗಿ ದಾಖಲಿಸುವ ಇಇಜಿ ತೆಗೆಸಿ, ಔಷಧಿಯನ್ನು ಹಂತಹಂತವಾಗಿ ಬದಲಿಸಿದ ಮೇಲೆ ಅವನು ಮತ್ತೆ ನಮ್ಮವನಾದ. ಆ ಇಇಜಿಯ ಉದ್ದನೆಯ ಕಾಗದವನ್ನು ಅಮ್ಮ ಪೆಟ್ಟಿಗೆಯಲ್ಲಿ ಮಡಿಸಿಟ್ಟಿದ್ದರು. ಸಮತಟ್ಟಾಗಿ ಹರಿದು ನಡುನಡುವೆ ಎದ್ದು ನಿಲ್ಲುವ ಗೆರೆಗಳು. ಆ ಹುಡುಗನ ಟೀ ಶರ್ಟ್ ಕಂಡ ದಿನ ನನಗೆ ಪಲ್ಸಾರ್‌ಗಿಂತ ಮೊದಲು ನೆನಪಾದದ್ದು ಆ ಕಾಗದ. ತಮ್ಮ ಈಗ ಅರುವತ್ತು ದಾಟಿದ್ದಾನೆ, ಅಡಿಕೆ ತೋಟ ನೋಡಿಕೊಳ್ಳುತ್ತಾನೆ, ರಾತ್ರಿ ಊಟದ ನಂತರದ ಮಾತ್ರೆಯನ್ನು ಒಂದು ದಿನವೂ ತಪ್ಪಿಸುವುದಿಲ್ಲ.

ಕರ್ಟಿಸ್ ಅವರಿಗೆ ಆ ಕಾಲಾವಕಾಶ ಸಿಗಲಿಲ್ಲ. ದಾಂಪತ್ಯ ಒಡೆಯುತ್ತಿತ್ತು, ಸೆಳವುಗಳು ಹೆಚ್ಚುತ್ತಿದ್ದವು. 1980ರ ಏಪ್ರಿಲ್ ಮೊದಲ ವಾರದಲ್ಲಿಯೇ ಅವರು ಜೀವ ಕಳೆದುಕೊಳ್ಳಲು ಯತ್ನಿಸಿದ್ದರು. ಅದರ ಬೆನ್ನಿಗೇ, ಏಪ್ರಿಲ್ 8ರಂದು, ಬರಿ ಎಂಬ ಹೆಸರಿನ ಪಟ್ಟಣದ ಸಭಾಂಗಣದಲ್ಲಿ ಕಾರ್ಯಕ್ರಮವಿತ್ತು, ಅದನ್ನು ರದ್ದುಮಾಡಲಿಲ್ಲ. ಅವರು ಎರಡು ಹಾಡು ಹಾಡಿ ಒಳಗೆ ಹೋದಾಗ ಸಭೆಯಲ್ಲಿ ದೊಂಬಿಯೆದ್ದಿತು. ಮೇ 18ರಂದು, ತಂಡ ಅಮೆರಿಕ ಪ್ರವಾಸಕ್ಕೆ ಹೊರಡುವ ಮುನ್ನಾದಿನ, ಅವರು ತಾವಾಗಿಯೇ ಜೀವ ಕಳೆದುಕೊಂಡರು. ಹಾಡುಗಳ ಸಾಲುಗಳಲ್ಲಿ ಎಲ್ಲವೂ ಇತ್ತು, ನಾವು ಗಮನವಿಟ್ಟು ಕೇಳಲೇ ಇಲ್ಲವೆಂದು ಜೊತೆಗಾರರು ವರ್ಷಗಳ ನಂತರ ಹೇಳಿಕೊಂಡಿದ್ದಾರೆ. ಅವರೂ ಇಪ್ಪತ್ತು ದಾಟಿದ ಹುಡುಗರೇ. ಅವರನ್ನು ದೂರುವುದು ನನ್ನ ಉದ್ದೇಶವಲ್ಲ. ಆದರೆ ನಲವತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ಬರೆಯುವ ನಾವು ಅದನ್ನು ಕಲೆಯ ಮುಕ್ತಾಯವೆಂದು ಹಾಡಿ ಹೊಗಳುವುದು ಸರಿಯಲ್ಲ. ಆತ್ಮಹತ್ಯೆಯನ್ನು ವೈಭವೀಕರಿಸಬಾರದು, ಅದರ ವಿಧಾನವನ್ನು ವಿವರಿಸಬಾರದೆಂದು ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ಮಾರ್ಗಸೂಚಿ ನೀಡಿದೆ. ನಿಮ್ಮ ಬರಹದ ಕೊನೆಯ ಭಾಗ ಅದನ್ನು ಎರಡು ವಿಧದಲ್ಲೂ ಮೀರಿದೆ.

ಇಷ್ಟು ಒತ್ತಿ ಹೇಳಲು ನಮ್ಮ ಜಿಲ್ಲೆಯೇ ಒಂದು ಕಾರಣ. ಎಣ್ಮಕಜೆಯಿಂದ ತೊಡಗಿ ಹನ್ನೊಂದು ಪಂಚಾಯತುಗಳ ಗೇರುಗುಡ್ಡಗಳ ಮೇಲೆ 2000ನೆಯ ಇಸವಿಯವರೆಗೆ ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿದದ್ದನ್ನು ನಿಮ್ಮ ಓದುಗರು ಬಲ್ಲರು; 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಡೆಯಿತು. ಸಂತ್ರಸ್ತರ ಪಟ್ಟಿಯಲ್ಲಿರುವ ಎಷ್ಟೋ ಮಕ್ಕಳಿಗೆ ಬೇರೆ ತೊಂದರೆಗಳ ಜೊತೆಗೆ ಅಪಸ್ಮಾರವೂ ಇದೆ. ನನ್ನ ತಮ್ಮನ ಕಾಯಿಲೆ ಆ ಸಿಂಪಡಣೆಗಿಂತ ಹಿಂದಿನದು, ಎರಡನ್ನೂ ನಾನು ಬೆರೆಸುತ್ತಿಲ್ಲ. ಆದರೆ ಇಂಥ ಮಗುವಿರುವ ಮನೆಯ ಅಣ್ಣನೋ ಅಕ್ಕನೋ ನಿಮ್ಮ ಪುರವಣಿಯನ್ನು ಬಿಡಿಸಿದಾಗ, ಸೆಳವನ್ನು ಆವೇಶವೆಂದೂ ಸಾವನ್ನು ಬಿಡುಗಡೆಯೆಂದೂ ಓದಬೇಕಾಗಿ ಬಂದರೆ ಅವರಿಗೆ ಹೇಗಾದೀತೆಂದು ಯೋಚಿಸಿ. ಹಿಂದೂ ವಿವಾಹ ಕಾಯಿದೆಯಲ್ಲಿ ಅಪಸ್ಮಾರವನ್ನು ಹುಚ್ಚಿನ ಪಕ್ಕದಲ್ಲಿ ಬರೆದು ಮದುವೆಗೆ ಅಡ್ಡಿಯೆಂದು ಇಟ್ಟಿದ್ದುದನ್ನು 1999ರಲ್ಲಿ ತೆಗೆದುಹಾಕಲಾಯಿತು. ನಮ್ಮ ಹಳ್ಳಿಗಳಲ್ಲಿ ಹುಡುಗಿಗೆ ಫಿಟ್ಸ್ ಇದೆಯೆಂಬ ಪಿಸುಮಾತಿಗೆ ಇಂದಿಗೂ ಸಂಬಂಧ ಮುರಿಯುತ್ತದೆ. ಸರಿಯಾದ ಚಿಕಿತ್ಸೆ ಸಿಕ್ಕರೆ ನೂರರಲ್ಲಿ ಎಪ್ಪತ್ತರಷ್ಟು ರೋಗಿಗಳು ಸೆಳವಿಲ್ಲದೆ ಬದುಕಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಮಾತು ಕನ್ನಡದಲ್ಲಿ ಅಚ್ಚಾಗಿ ಆ ಮನೆಗಳಿಗೆ ತಲುಪಬೇಕು, ತಲುಪಿಸಲು ನಿಮ್ಮ ಪತ್ರಿಕೆಗಿಂತ ಹತ್ತಿರದ ದಾರಿ ನಮಗಿಲ್ಲ.

ಆದ್ದರಿಂದ ನನ್ನ ವಿನಂತಿ ಇಷ್ಟು. ಆ ಲೇಖನಮಾಲೆಯ ಮುಂದಿನ ಕಂತಿನ ಜೊತೆಗೆ, ಸೆಳವು ಬಂದವರನ್ನು ಅದುಮಿ ಹಿಡಿಯಬಾರದು, ಬಾಯಿಗೆ ಏನನ್ನೂ ತುರುಕಬಾರದು, ಕಬ್ಬಿಣ ಕೊಟ್ಟು ಪ್ರಯೋಜನವಿಲ್ಲ, ಮೆಲ್ಲನೆ ಮಗ್ಗುಲಿಗೆ ತಿರುಗಿಸಿ ತಲೆಯಡಿ ಬಟ್ಟೆಯಿಟ್ಟು ಗಡಿಯಾರ ನೋಡಬೇಕು, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಬೇಕು ಎಂಬಷ್ಟನ್ನು ದೊಡ್ಡ ಅಕ್ಷರದಲ್ಲಿ ಪ್ರಕಟಿಸಿ. ಮನಸ್ಸು ಕುಗ್ಗಿದವರು ಕನ್ನಡದಲ್ಲೇ ಮಾತನಾಡಬಹುದಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನೂ ಕೊಡಿ. ಕರ್ಟಿಸ್ ಅವರ ಸಂಗೀತದ ಬಗ್ಗೆ ಲೇಖಕರು ಇನ್ನೂ ಬರೆಯಲಿ, ನಾನು ಕಾದು ಓದುತ್ತೇನೆ. ಬರೆಯುವಾಗ ಮ್ಯಾಕಲ್ಸ್‌ಫೀಲ್ಡ್‌ನ ಆ ಉದ್ಯೋಗ ಕಚೇರಿಗೂ, ಕೆಲಸ ಕೇಳಿಕೊಂಡು ಬಂದು ಅವರ ಮೇಜಿನೆದುರು ಕುಳಿತಿದ್ದ ಆ ಯುವತಿಗೂ ಒಂದು ಪ್ಯಾರಾ ಮೀಸಲಿಡುವಂತೆ ಅವರಿಗೆ ದಯವಿಟ್ಟು ತಿಳಿಸಿ.

ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಅಧ್ಯಾಪಕ, ಪೆರ್ಲ, ಕಾಸರಗೋಡು ಜಿಲ್ಲೆ
(ತಮ್ಮನ ವಿಚಾರ ಇರುವುದರಿಂದ ಹೆಸರನ್ನು ಪ್ರಕಟಿಸಬಾರದಾಗಿ ಕೋರುತ್ತೇನೆ.)