ಮಂಜಿನಲ್ಲಿ ದಾರಿ ಹೇಳುವ ಕಂಬಗಳು

ಕೊಡಚಾದ್ರಿಯ ಎತ್ತರ 1,343 ಮೀಟರ್. ಹಾಂಗ್‌ಕಾಂಗಿನ ಲಾಂಟೌ ಶಿಖರ 934 ಮೀಟರ್. ಅಂಕಿ ನೋಡಿದರೆ ನಮ್ಮ ಬೆಟ್ಟವೇ ದೊಡ್ಡದು. ಆದರೆ ಎರಡನ್ನೂ ಹತ್ತಿದವರಿಗೆ ಗೊತ್ತು, ಲಾಂಟೌ ಏನೂ ಸಲೀಸಲ್ಲ. ಟುಂಗ್ ಚುಂಗ್‌ ತನಕ ಮೆಟ್ರೋ, ಅಲ್ಲಿಂದ ಪಾಕ್ ಕುಂಗ್ ಔ ತನಕ ಬಸ್ಸು. ಆಮೇಲೆ ಕಾಲೇ ಗತಿ. ಸುಮಾರು 600 ಮೀಟರ್ ಏರು, ಬಹುಪಾಲು ಕಲ್ಲಿನ ಮೆಟ್ಟಿಲು. ತುದಿಗೆ ವಾಹನ ಹೋಗುವುದೇ ಇಲ್ಲ.

ಈ ಸಂಚಿಕೆಯ ಸಂಪಾದಕೀಯವನ್ನು ಹೊಸನಗರದಲ್ಲಿ ಕೂತು ಬರೆಯುತ್ತಿದ್ದೇನೆ. ಹಾಂಗ್‌ಕಾಂಗಿನ ನಮ್ಮ ಸಂಘದಲ್ಲಿ ಶಿವಮೊಗ್ಗ ಕಡೆಯವರು ಜಾಸ್ತಿ. ರಜೆಗೆ ಊರಿಗೆ ಬಂದವರು ಮಕ್ಕಳನ್ನು ಕರೆದುಕೊಂಡು ಕೊಡಚಾದ್ರಿಗೆ ಹೋಗಿಯೇ ಹೋಗುತ್ತೀರಿ. ಹಾಗಾಗಿ ಕೊಡಚಾದ್ರಿಯ ಹಾದಿಗೆ ದಾರಿ ಹೇಳುವ ಕಂಬಗಳು ಬೇಕು ಅನ್ನುವ ಮಾತನ್ನು ನಿಮ್ಮ ಮುಂದೆಯೇ ಇಡಬೇಕು ಅನ್ನಿಸಿತು.

ಮೊನ್ನೆ ಕೊಡಚಾದ್ರಿಯ ಬುಡದ ಊರು ಕಟ್ಟಿನಹೊಳೆಯ ಹಿರಿಯರೊಬ್ಬರ ಜೊತೆ ಬೆಟ್ಟ ಹತ್ತಿದೆ. ಸರ್ವಜ್ಞ ಪೀಠದ ಕಲ್ಲಿನ ಮಂಟಪದ ಹತ್ತಿರ ಬಿಸಿಲಿತ್ತು. ಬೆಟ್ಟ ಹತ್ತುವವರು ತಂಗುವ ಭಟ್ಟರ ಮನೆ ಕಡೆಗೆ ಇಳಿಯುವಷ್ಟರಲ್ಲಿ ಪಡುವಣದಿಂದ ಮೋಡ ನುಗ್ಗಿತು. ಮುಂದೆ ನಡೆಯುತ್ತಿದ್ದ ಹುಡುಗರ ಬೆನ್ನಿನ ಕೆಂಪು ಚೀಲ ಸ್ವಲ್ಪ ಹೊತ್ತು ಕಂಡಿತು. ಆಮೇಲೆ ಅದೂ ಇಲ್ಲ. ಹುಲ್ಲಿನ ನಡುವೆ ಹಾದಿ ಕವಲೊಡೆದಿತ್ತು. ಎರಡೂ ಒಂದೇ ಥರ ಸವೆದಿದ್ದವು. ಹುಡುಗರು ಬಲಕ್ಕೆ ತಿರುಗಿದ್ದರು. ಹಿರಿಯರು ಕೂಗಿ ನಿಲ್ಲಿಸಿದರು. "ಅದು ದನದ ಜಾಡು ಮಾರಾಯ್ರೇ, ಮುಂದೆ ಬರೀ ಕಡಿದಾದ ದರೆ" ಅಂದರು. ಕಾಲಿನಿಂದ ಹುಲ್ಲು ಸರಿಸಿ, ಸರಿಯಾದ ಹಾದಿಯಲ್ಲಿ ಹುದುಗಿದ್ದ ಒಂದು ಕಲ್ಲನ್ನು ತೋರಿಸಿದರು. ಅವರಿಗೆ ಅದೇ ಗುರುತು. ಬೆಂಗಳೂರಿನಿಂದ ಬಂದ ಆ ಹುಡುಗರಿಗೆ ಅದು ಹೇಗೆ ಗೊತ್ತಾಗಬೇಕು?

ಎರಡು ಬೆಟ್ಟಗಳಲ್ಲೂ ಮಂಜು ಹುಟ್ಟುವ ಬಗೆ ಒಂದೇ. ಸಮುದ್ರದ ಕಡೆಯ ತೇವದ ಗಾಳಿ ಬೆಟ್ಟಕ್ಕೆ ಬಡಿದು ಮೇಲೇರುತ್ತದೆ, ಏರುತ್ತಾ ತಣ್ಣಗಾಗಿ ಮೋಡವಾಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಲಾಂಟೌ ಮೇಲೂ ಪಕ್ಕದವರ ಮುಖ ಕಾಣದಂಥ ಮಂಜು ಕವಿಯುತ್ತದೆ. ಆದರೂ ಅಲ್ಲಿ ನಡೆಯುವಾಗ ನನಗೆ ಅಷ್ಟು ಭಯವಾಗುವುದಿಲ್ಲ. ಕಾರಣ, ಹಾದಿ ಪಕ್ಕದ ಗಿಡ್ಡ ಕಂಬಗಳು. 70 ಕಿಲೋಮೀಟರ್ ಉದ್ದದ ಲಾಂಟೌ ಟ್ರೇಲ್‌ನಲ್ಲಿ ಪ್ರತಿ 500 ಮೀಟರಿಗೆ ಒಂದು ಕಂಬ. ಪ್ರತಿ ಕಂಬಕ್ಕೂ ಒಂದು ನಂಬರು, ಜೊತೆಗೆ ಆ ಜಾಗ ನಕ್ಷೆಯಲ್ಲಿ ಎಲ್ಲಿದೆ ಎಂದು ಹೇಳುವ ಅಂಕಿಗಳು. ಕಾಲು ಉಳುಕಿದರೆ, ದಾರಿ ತಪ್ಪಿದರೆ, ಅಲ್ಲಿಯ ತುರ್ತು ನಂಬರು 999ಕ್ಕೆ ಫೋನ್ ಮಾಡಿ ಹತ್ತಿರದ ಕಂಬದ ನಂಬರು ಹೇಳಿದರೆ ಸಾಕು. ಹುಡುಕುವವರು ನೇರ ಅಲ್ಲಿಗೇ ಬರುತ್ತಾರೆ.

ಕೊಡಚಾದ್ರಿಗೂ ಇಂಥ ಕಂಬಗಳು ಬೇಕು. ಮೇಲೆ ನೆಟ್‌ವರ್ಕ್ ಸಿಗದ ಜಾಗಗಳು ಬಹಳ, ನಿಜ. ಆದರೆ ಕಂಬಕ್ಕೆ ನೆಟ್‌ವರ್ಕ್ ಯಾಕೆ? ನಂಬರು ಗೊತ್ತಿದ್ದರೆ ಜೊತೆಗಿದ್ದವರಲ್ಲಿ ಒಬ್ಬರು ಕೆಳಗೆ ಓಡಿ, ಇಂಥ ಕಡೆ ಬಿದ್ದಿದ್ದಾರೆ ಅಂತ ಹೇಳಬಹುದು. ಈಗ ಏನು ಹೇಳಲು ಸಾಧ್ಯ? "ದೊಡ್ಡ ಮರದ ಹತ್ತಿರ" ಅಂದರೆ ಯಾವ ಮರ?

ಲಾಂಟೌನ ಎಲ್ಲವನ್ನೂ ಇಲ್ಲಿಗೆ ತನ್ನಿ ಅಂತ ಖಂಡಿತ ನಾನು ಹೇಳುತ್ತಿಲ್ಲ. ಅಲ್ಲಿಯ ಕಲ್ಲಿನ ಮೆಟ್ಟಿಲು ನಮಗೆ ಬೇಡ. ಆ ಬೆಟ್ಟದ ಬುಡದ ಊರು ಙೋಂಗ್ ಪಿಂಗ್‌ಗೆ ಕೇಬಲ್ ಕಾರ್ ಇದೆ, 34 ಮೀಟರಿನ ಬುದ್ಧನ ಮೂರ್ತಿಯನ್ನು ನೋಡಲು ಬಹಳ ಜನ ಅದರಲ್ಲೇ ಬರುತ್ತಾರೆ. ಕೊಡಚಾದ್ರಿಗೂ ರೋಪ್‌ವೇ ಮಾಡುವ ಮಾತು ಆಗಾಗ ಕೇಳಿಬರುತ್ತದೆ. ನನಗೆ ಅದು ಒಪ್ಪಿಗೆಯಿಲ್ಲ. ಇದು ಮೂಕಾಂಬಿಕಾ ವನ್ಯಜೀವಿ ಧಾಮ. ಇಲ್ಲಿಯ ಕಣಿವೆಗಳಲ್ಲಿ ಬೆಳೆದ ಶೋಲಾ ಕಾಡು, ಹುಲ್ಲುಗಾವಲು ಒಮ್ಮೆ ಹಾಳಾದರೆ ನಮ್ಮ ಕಾಲಕ್ಕಂತೂ ಮತ್ತೆ ಬೆಳೆಯುವುದಿಲ್ಲ. ಜನರನ್ನು ಮೇಲೆ ಕರೆದೊಯ್ಯುವ ಜೀಪುಗಳು ಕೆಂಪು ಮಣ್ಣನ್ನು ಎಷ್ಟು ಕಿತ್ತಿವೆ ಅಂತ ಮಳೆ ಬಂದಾಗ ನೋಡಬೇಕು, ಹೊಟ್ಟೆ ಉರಿಯುತ್ತದೆ. ಕಂಬ ನೆಡಲು ಒಂದು ಗುಂಡಿ ಸಾಕು. ಮರ ಕಡಿಯಬೇಕಿಲ್ಲ, ರಸ್ತೆ ಬೇಕಿಲ್ಲ.

ಡಿಸೆಂಬರ್‌, ಜನವರಿಯಲ್ಲಿ ಊರಿಗೆ ಬರುವವರಿಗೆ ಇನ್ನೊಂದು ಮಾತು. ಆಗ ಇಂಬಳದ ಕಾಟ ಇರುವುದಿಲ್ಲ. ಆದರೆ ಉಣುಗಿನ, ಅಂದರೆ ಉಣ್ಣೆಹುಳದ, ಕಾಲ ಶುರುವಾಗಿರುತ್ತದೆ, ಮಂಗನ ಕಾಯಿಲೆ ಹರಡುವುದು ಅದರಿಂದಲೇ. ಉದ್ದ ತೋಳಿನ ಅಂಗಿ, ಪೂರ್ತಿ ಪ್ಯಾಂಟು ಹಾಕಿಕೊಳ್ಳಿ. ದರಕಿನ, ಅಂದರೆ ಉದುರಿದ ಒಣ ಎಲೆಗಳ, ಮೇಲೆ ಸುಮ್ನೆ ಕೂರಬೇಡಿ. ಬೆಟ್ಟದ ಬುಡದ ಊರಿನವರನ್ನೇ ಜೊತೆಗೆ ಕರೆದುಕೊಂಡು ಹೋಗಿ, ಅವರ ಕೂಲಿಯಲ್ಲಿ ಚೌಕಾಸಿ ಬೇಡ.

ಕಂಬಗಳಿಗಾಗಿ ಅರಣ್ಯ ಇಲಾಖೆಗೆ ಕೊಡುವ ಅರ್ಜಿಯ ಕರಡು ಬರೆದಿದ್ದೇನೆ. ಎಲ್ಲೆಲ್ಲಿ ನೆಡಬೇಕು ಎಂದು ಕಟ್ಟಿನಹೊಳೆ, ನಿಟ್ಟೂರಿನವರನ್ನು ಕೇಳಿಯೇ ಗುರುತು ಹಾಕಬೇಕು ಅನ್ನುವುದನ್ನು ಮೊದಲ ಸಾಲಿನಲ್ಲೇ ಸೇರಿಸಿದ್ದೇನೆ. ನಂಬರು ಕನ್ನಡದಲ್ಲೂ ಇರಲಿ, ಇಂಗ್ಲಿಷಿನಲ್ಲೂ ಇರಲಿ. ಮುಂದಿನ ಸಭೆಗೆ ಕರಡು ತರುತ್ತೇನೆ. ಓದಿ, ಬಿಟ್ಟುಹೋದದ್ದಿದ್ದರೆ ಸೇರಿಸಿ, ಸಹಿ ಹಾಕಿ.