ಬಾಲಿಗೆ ಹೊರಟವರ ಗಮನಕ್ಕೆ: ಸರ್ಫ್‌ಬೋರ್ಡ್‌ನ ವಿಮಾನ ಖರ್ಚು

ಎಲ್ಲರಿಗೂ ನಮಸ್ಕಾರ. ಟಿಕೆಟ್ ಬುಕ್ ಮಾಡೋ ಮುಂಚೆ ಇದನ್ನೊಮ್ಮೆ ಓದಿಬಿಡಿ. ವಿಮಾನದ ಟಿಕೆಟ್ ಕಡಿಮೆ ರೇಟು ಅಂತ ಗ್ರೂಪಿನಲ್ಲಿ ಸ್ಕ್ರೀನ್‌ಶಾಟ್ ಹಾಕುತ್ತಿದ್ದೀರಿ, ಆದರೆ ಸರ್ಫ್‌ಬೋರ್ಡ್, ಅಂದರೆ ಅಲೆ ಮೇಲೆ ನಿಂತು ಸಾಗುವ ಹಲಗೆ, ಅದನ್ನು ಒಯ್ಯುವ ದುಡ್ಡು ಅದರಲ್ಲಿ ಸೇರಿಲ್ಲ ಅಲ್ವಾ?

ಚೆಕ್-ಇನ್ ಲಗೇಜಿಗೆ ಸಾಮಾನ್ಯ ಮಿತಿ ಉದ್ದ, ಅಗಲ, ಎತ್ತರ ಕೂಡಿಸಿ 158 ಸೆಂ.ಮೀ. 6 ಅಡಿ ಬೋರ್ಡ್‌ನ ಉದ್ದವೇ 183. ತೂಕ ಎಷ್ಟೇ ಕಡಿಮೆ ಇದ್ದರೂ ಅದು ದೊಡ್ಡ ಸಾಮಾನೇ. ಮುಂದಿನದು ಒಂದೊಂದು ಕಂಪನಿಯದು ಒಂದೊಂದು ಲೆಕ್ಕ. ಸಿಂಗಪುರ ಏರ್‌ಲೈನ್ಸ್, ಎಮಿರೇಟ್ಸ್ ಥರದವರು, ಉದ್ದ ಅವರ ಮಿತಿಯೊಳಗಿದ್ದರೆ, ಟಿಕೆಟ್ ಜೊತೆ ಬರುವ ಲಗೇಜಿನಲ್ಲೇ ಹಿಡಿಯುತ್ತಾರೆ. ಏರ್‌ಏಷ್ಯಾದಲ್ಲಿ ಕ್ರೀಡಾ ಸಾಮಾನಿಗೆ ಬೇರೆ ದುಡ್ಡು. ಆನ್‌ಲೈನಲ್ಲಿ ಮೊದಲೇ ಕಟ್ಟಿದರೆ ಕಡಿಮೆ, ಕೌಂಟರಿನಲ್ಲಿ ಜಾಸ್ತಿ. ಹೋಗುವಾಗ ಕಟ್ಟಿದ್ದು ಬರುವಾಗಲೂ ಕಟ್ಟಬೇಕು. ಬೇರೆ ಬೇರೆ ಕಂಪನಿಯ ಟಿಕೆಟ್ ತಗೊಂಡರಂತೂ ಪ್ರತಿ ಕಂಪನಿಗೂ ಬೇರೆ ಬೇರೆ ಕಟ್ಟಬೇಕು. ಆಗ ಅಗ್ಗದ ಟಿಕೆಟ್ಟೇ ದುಬಾರಿ.

ಸೋಗಾನೆಯಿಂದಲೇ, ಅಂದರೆ ನಮ್ಮ ಶಿವಮೊಗ್ಗ ವಿಮಾನ ನಿಲ್ದಾಣದಿಂದಲೇ ಹತ್ತೋಣ ಅನ್ನೋರು ಸ್ವಲ್ಪ ತಡೀರಿ. ಇಲ್ಲಿಂದ ಹಾರುವುದು ಸಣ್ಣ ವಿಮಾನ, ಲಗೇಜ್ ಜಾಗವೂ ಸಣ್ಣದು. ಮೊದಲೇ ಕೇಳಿ ಒಪ್ಪಿಗೆ ತಗೊಳ್ಳದೆ ಬೋರ್ಡ್ ಹೊತ್ತು ಹೋಗಬೇಡಿ. ನನ್ನ ಕೇಳಿದರೆ ಬೆಂಗಳೂರಿನವರೆಗೆ ಒಂದು ಟಿಟಿ (ಟೆಂಪೋ ಟ್ರಾವೆಲರ್) ಮಾಡಿಕೊಳ್ಳೋದೇ ವಾಸಿ.

ಬೋರ್ಡ್‌ನ ಅಡಿಯಲ್ಲಿರುವ ರೆಕ್ಕೆ, ಅಂದರೆ ಫಿನ್ ಬಿಚ್ಚಿ ಹಳೇ ಕಾಲುಚೀಲದೊಳಗೆ ಹಾಕಿ. ಬೋರ್ಡ್‌ನ ಮೂತಿಗೂ ಬಾಲಕ್ಕೂ, ಅಂದರೆ ಎರಡು ತುದಿಗೂ, ಟವೆಲ್ ಸುತ್ತಿ. ಆಮೇಲೆ ಬ್ಯಾಗ್ ಸಮೇತ ಟೇಪ್ ಹಿಡಿದು ಅಳೆಯಿರಿ, ಕೌಂಟರಿನವರು ಅಳೆಯೋದು ಬ್ಯಾಗನ್ನೇ.

ಈಗಷ್ಟೇ ಮಂಗಳೂರು ಹತ್ತಿರದ ಮೂಲ್ಕಿಯಲ್ಲಿ ಸರ್ಫಿಂಗ್ ಕಲಿತು ಬಂದವರು ಸುಮ್ನೆ ಬೋರ್ಡ್ ಹೊರಬೇಡಿ. ಬಾಲಿಯ ಕುಟಾ ಬೀಚಿನಲ್ಲಿ ಬಾಡಿಗೆಗೆ ಧಾರಾಳವಾಗಿ ಸಿಗುತ್ತೆ.

ಸ್ವಂತ ಬೋರ್ಡ್ ತರೋರು ಬ್ಯಾಗಿನ ಉದ್ದ, ತೂಕ ಎರಡನ್ನೂ ಭಾನುವಾರದೊಳಗೆ ಇಲ್ಲೇ ಹಾಕಿ.